ಕೆಂಪು ಇಂಕಿನ ಬದನೆಕಾಯಿ

ಕೆಲವರಿಗೆ ಕೈಗುಣ ಅಂತ ಇರುತ್ತದೆ. ನನಗೂ ಇದೆ, ನಾನು ಮುಟ್ಟಿದ ಗಿಡ ಎಂಟು ದಿನ ಬದುಕಿದರೆ ಹೆಚ್ಚು. ದಾವಣಗೆರೆ ವಿನೋಬನಗರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ಬೋರ್ಡಿನ ಮೇಲೆ ನಾನು ಬರೆದ ಗಿಡಗಳೆಲ್ಲ ಹುಲುಸಾಗಿ ಬೆಳೆದಿವೆ. ನಿಟ್ಟುವಳ್ಳಿಯ ನಮ್ಮನೆ ತಾರಸಿ ಮೇಲೆ ಮಾತ್ರ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಬಾಯಿ ಸುಮ್ಮನಿರಲಿಲ್ಲ

ದೀಪಾವಳಿಗೆ ಹೆಂಡತಿಯ ತವರು ಸಾರಥಿಗೆ ಹೋಗಿದ್ದೆವು. ಮಾವನವರು ಹುಟ್ಟಾ ರೈತರು. ಊಟಕ್ಕೆ ಕೂತಾಗ ರೊಟ್ಟಿ, ಎಣ್ಣೆಗಾಯಿ ಬಡಿಸಿ, "ನಮ್ಮ ಹೊಲದ್ದೇ ಬದ್ನಿಕಾಯಿ" ಅಂದರು. ಚೆನ್ನಾಗಿದೆ ಅಂತ ತಿನ್ನುವುದು ಬಿಟ್ಟು ನಾನು, "ಇದೇನ್ ಮಹಾ ಬಿಡ್ರಿ ಮಾವ, ತಾರಸಿ ಮ್ಯಾಲೆ ಬಕೀಟ್‌ನಾಗೂ ಬೆಳಿಬಹುದು" ಅಂದುಬಿಟ್ಟೆ.

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಹಂಗಾರೆ ಯುಗಾದಿ ಅಮಾಸಿಗೆ ನಿಮ್ಮನಿಗೇ ಊಟಕ್ಕೆ ಬರ್ತೀನಿ. ನೀವು ಬೆಳೆದ ಕಾಯಿದೇ ಎಣ್ಣೆಗಾಯಿ ಆಗ್ಬೇಕು."

ವಾಪಸ್ ಬರುವಾಗ ಬಸ್ಸು ಹರಿಹರ ದಾಟಿದ್ದೇ ಹೆಂಡತಿ ಶುರು ಮಾಡಿದಳು: "ಕಾಯಿ ಬರ್ಲಿಲ್ಲ ಅಂದ್ರೆ ನಾನು ತವರಾಗೆ ಹೆಂಗೆ ತಲೆ ಎತ್ತಲಿ? ಮದ್ವಿ ಆದಾಗಿಂದ ನಮ್ಮಪ್ಪ ನಿಮ್ಮನ್ನ ಶಾಣ್ಯಾ ಅಂತ ತಿಳ್ಕಂಡಾರೆ."

ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಂದೇ ಆಸ್ತಿ ಅದು.

ಮಣ್ಣಿನ ಚೀಲ

ಮರುವಾರ ಒಬ್ಬನೇ ಹೋಗಿ ಮಾವನ ಭತ್ತದ ಗದ್ದೆಯ ಮಣ್ಣನ್ನೇ ಒಂದು ಚೀಲ ತುಂಬಿಕೊಂಡು ಬಂದೆ. ಅವರಿಗೆ ಬೆಳೆಯುವ ಮಣ್ಣು ನನಗೂ ಬೆಳೆಯಲೇಬೇಕಲ್ಲ! ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೆ ಕಾಲಿನಿಂದ ತಟ್ಟಿ ಕೇಳಿದ:

"ಏನ್ ಐತ್ರಿ ಇದ್ರಾಗೆ?"

"ಮಣ್ಣು."

"ಎಲ್ಲಿಗೆ ಒಯ್ತೀರಿ?"

"ದಾವಣಗೆರೆಗೆ."

"ಯಾಕ, ಅಲ್ಲಿ ಖಾಲಿ ಆತೇನ್ರಿ?"

ಬಸ್ಸೆಲ್ಲ ನಕ್ಕಿತು. ಆ ಜಿಗುಟು ಮಣ್ಣನ್ನು ಪೇಂಟ್ ಬಕೆಟ್ಟಿಗೆ ತುಂಬಿ ಸಸಿ ನೆಟ್ಟೆ. ನಾಲ್ಕು ದಿನದ ಬಿಸಿಲಿಗೆ ಅದು ಕಲ್ಲಾಯಿತು. ಬಕೆಟ್ ಬೋರಲು ಹಾಕಿ ಬಡಿದರೆ ಇಡೀ ಮಣ್ಣು ಒಂದೇ ಗಟ್ಟಿಯಾಗಿ ಬಂತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ಅಲ್ಲಿಂದಲೇ ಕೂಗಿದ: "ಸಾರ್, ಇಂಥವು ಇನ್ನೊಂದು ಇನ್ನೂರು ಸಿಗ್ತಾವೇನ್ರಿ?"

ಉಸಿರಾಟದ ಪಾಠ

ಎರಡನೇ ಸಲ ಬುದ್ಧಿ ಬಂತು. ದೋಸೆ ಹೋಟೆಲಿನಿಂದ ಖಾಲಿ ಎಣ್ಣೆ ಡಬ್ಬ ತಂದು ಗೊಬ್ಬರ, ಮರಳು, ಮಣ್ಣು ಎಲ್ಲ ಬೆರೆಸಿ ತುಂಬಿದೆ. ತೂತು ಮಾಡುವುದನ್ನು ಮಾತ್ರ ಮರೆತೆ. ದಿನಾ ಎರಡು ಹೊತ್ತು ನೀರು ಹಾಕಿದ್ದೇ ಹಾಕಿದ್ದು. ಒಂದು ಸಂಜೆ ಸ್ಕೂಲಿನಿಂದ ಬಂದು ನೋಡಿದರೆ ಸಸಿ ಕುತ್ತಿಗೆವರೆಗೂ ನೀರಿನಲ್ಲಿ ನಿಂತಿದೆ. ಬಟ್ಟೆ ಒಣಗಹಾಕುತ್ತಿದ್ದ ಹೆಂಡತಿ ಕೇಳಿದಳು:

"ಇವತ್ತೇನ್ ಪಾಠ ಮಾಡಿದ್ರಿ?"

"ಬೇರಿನ ಉಸಿರಾಟ."

"ಇಲ್ಲಿ ಒಂದು ಸತ್ತೋತು ನೋಡ್ರಿ."

ಹಲ್ಲುಜ್ಜುವ ಬ್ರಷ್ಷು

ಮೂರನೇ ಗಿಡ ನನ್ನನ್ನೂ ಮೀರಿ ಬದುಕಿತು. ಹೂವೂ ಬಿಟ್ಟಿತು. ಆದರೆ ಬಿಟ್ಟ ಹೂವೆಲ್ಲ ಉದುರಿಹೋಗುತ್ತಿತ್ತು. ತರಕಾರಿ ಗಾಡಿಯಾಕೆ, "ದುಂಬಿ ಬರಂಗಿಲ್ಲ ಅಂದ್ರೆ ನೀವೇ ಹೂವು ಅಳ್ಳಾಡಿಸ್ರಿ" ಅಂದಳು. ನನ್ನ ಹಳೇ ಟೂತ್‌ಬ್ರಷ್ ಹಿಡಿದು ದಿನಾ ಬೆಳಿಗ್ಗೆ ಒಂದೊಂದೇ ಹೂವನ್ನು ಮೆಲ್ಲಗೆ ತಿಕ್ಕತೊಡಗಿದೆ. ಮೂರನೇ ದಿನ ಪಕ್ಕದ ತಾರಸಿಯ ಅಜ್ಜಿ ನನ್ನ ಹೆಂಡತಿಯನ್ನು ಕರೆದು ಕೇಳಿದರಂತೆ: "ನಿಮ್ಮನೆಯವ್ರು ತಾವು ಉಜ್ಜಿಕಂಡ ಮ್ಯಾಲೆ ಗಿಡಕ್ಕೆ ಉಜ್ತಾರೋ, ಮೊದ್ಲು ಗಿಡಕ್ಕೋ?"

ನಗಲಿ ಬಿಡಿ, ಒಂದು ಕಾಯಿ ಕಚ್ಚಿತು! ಒಂದೇ ಒಂದು. ಅವತ್ತು ಕುಣಿದುಬಿಟ್ಟೆ. ಪ್ರತಿ ಭಾನುವಾರ ಸ್ಕೇಲು ಹಿಡಿದು ಅಳೆದು, ಬೆಳೆದಿದ್ದರೆ ಕಾಯಿ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ರೈಟ್ ಹಾಕುತ್ತಿದ್ದೆ. ಮೇಷ್ಟ್ರ ಚಾಳಿ, ಸಾಯುವವರೆಗೂ ಬಿಡುವುದಿಲ್ಲ.

ಅಮಾವಾಸ್ಯೆ ಊಟ

ಯುಗಾದಿ ಅಮಾವಾಸ್ಯೆ ಬೆಳಿಗ್ಗೆ ತಾರಸಿಗೆ ಹೋದರೆ ಕಾಯಿ ಇಲ್ಲ! ಕೆಳಗೆ ಓಡಿಬಂದರೆ ನಮ್ಮಮ್ಮ ಆರಾಮಾಗಿ ಹೂ ಕಟ್ಟುತ್ತಾ ಕೂತಿದ್ದಾಳೆ.

"ಮೊದಲ ಫಲ ಅಲ್ಲೇನಪ್ಪ? ದೇವ್ರಿಗೆ ಮುಟ್ಟಿಸ್ದೆ ತಿಂತಾರೇನು? ಊರಮ್ಮನ ಗುಡಿಗೆ ಕೊಟ್ಟು ಬಂದೆ."

ದೇವರ ಹತ್ತಿರ ವಾಪಸ್ ಕೇಳುವ ಧೈರ್ಯ ನನಗಿಲ್ಲ. ಹನ್ನೊಂದಕ್ಕೆ ಮಾವ ಬರುವವರು. ಹೆಂಡತಿ ಮುಖ ಬಾಡಿಹೋಯಿತು. ನೋಡಲಾಗಲಿಲ್ಲ ನನಗೆ. ಸೀದಾ ಗಾಡಿಯಾಕೆ ಹತ್ತಿರ ಓಡಿ ಆರು ಬದನೆಕಾಯಿ ತಂದೆ. ನಮ್ಮಮ್ಮನ ಕಣ್ಣು ತಪ್ಪಿಸಿ, ಹೂ ಕಟ್ಟುವ ದಾರದಲ್ಲಿ ಒಂದೊಂದನ್ನೇ ಗಿಡಕ್ಕೆ ಕಟ್ಟಿದೆ. ಹೆಂಡತಿಯೇ ದಾರ ಕತ್ತರಿಸಿ ಕೊಟ್ಟಳು.

ಮಾವ ಬಂದವರೇ ತಾರಸಿ ಹತ್ತಿದರು. ಗಿಡದ ಸುತ್ತ ಒಂದು ಸುತ್ತು ಹಾಕಿದರು.

"ಅಬಬಬ! ಒಂದೇ ಗಿಡಕ್ಕೆ ಆರು! ಏನ್ ಕಾಯಿ, ಏನ್ ಬಣ್ಣ!"

ನಾನು ಉಬ್ಬಿಹೋದೆ. ಗೊಬ್ಬರದ ಬಗ್ಗೆ ನಾಲ್ಕು ಮಾತು ಬೇರೆ ಹೇಳಿದೆ.

"ನಾವು ಕಲ್ತಿದ್ದು ಸಾಲದು ಬಿಡ್ರಿ" ಅನ್ನುತ್ತಾ ಮಾವ ಅಂಗಿ ಜೇಬಿಗೆ ಕೈ ಹಾಕಿದರು. "ಬರೋ ದಾರ್ಯಾಗೆ ಗುಡಿಗೆ ಹೋಗಿದ್ದೆ. ಪೂಜಾರಪ್ಪ ಪ್ರಸಾದ ಅಂತ ಇದನ್ನ ಕೊಟ್ಟ. ಪಾಪ, ಯಾರೋ ಗೊತ್ತಿಲ್ಲದೋರು ಬೆಳೆದಾರೆ. ಬಡಕಲು ಕಾಯಿ. ಅದರ ಮ್ಯಾಲೆ ಏನೋ ಕೆಂಪು ಗೀಟು ಬ್ಯಾರೆ."

ಅಂಗೈ ಮೇಲೆ ನನ್ನ ಮೂರು ರೈಟು!

ನಾನು ಹೆಂಡತಿ ಮುಖ ನೋಡಿದೆ, ಅವಳು ಆಕಾಶ ನೋಡಿದಳು. ಅಷ್ಟರಲ್ಲಿ ಮಜ್ಜಿಗೆ ಹಿಡಿದು ಮೇಲೆ ಬಂದ ನಮ್ಮಮ್ಮ, "ಅಯ್ಯೋ ಬೀಗ್ರೆ, ಇದು ನಮ್ಮ ಮಗ ಬೆಳೆದಿದ್ದೇ! ಬೆಳಿಗ್ಗೆ ನಾನೇ ಗುಡಿಗೆ ಕೊಟ್ಟಿದ್ದು. ಗಿಡದಾಗೆ ಇದ್ದಿದ್ದೇ ಅದೊಂದು" ಅಂದಳು.

ಮಾವ ಗಿಡ ನೋಡಿದರು. ಒಂದು ಕಾಯಿ ಹಿಡಿದು ಎಳೆದರು. ದಾರದ ಸಮೇತ ಬಂತು. ನಾಚಿಕೆಯಿಂದ ಕುಗ್ಗಿಹೋದೆ.

ಅವರು ಉಳಿದವನ್ನೂ ಬಿಡಿಸಿಕೊಂಡರು. ಕೆಳಗಿಳಿದು ಮಗಳಿಗೆ, "ಎಲ್ಲಾ ಒಟ್ಟಿಗೇ ಮಾಡವ್ವ. ಗೀಟಿಂದು ನನ್ನ ತಾಟಿಗೆ ಹಾಕು" ಅಂದರು. ಊಟಕ್ಕೆ ಕೂತು ಅದನ್ನು ತೊಟ್ಟಿನ ತನಕ ತಿಂದು, ಬೆರಳು ನೆಕ್ಕಿ, ನನ್ನ ಕಡೆ ತಿರುಗಿದರು.

"ಮೇಷ್ಟ್ರೆ, ಇದೊಂದು ಪಾಸು. ಉಳಿದ ಆರೂ ಕಾಪಿ ಹೊಡೆದಾವೆ, ಮುಂದಿನ ವರ್ಷ ಮತ್ತೆ ಕೂಡ್ಸ್ರಿ."