ಇಳಿದ ನಂಬರೇ ಮೇಲೆ ಬರತಕ್ಕದ್ದು

ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿರುವ ಸ್ವರ್ಣಗರ್ಭ ಸ್ವಾಯತ್ತ ಪದವಿ ಕಾಲೇಜಿನಲ್ಲಿ ಯಾವ ವಿದ್ಯಾರ್ಥಿಯೂ ಪ್ರವೇಶ ಪರೀಕ್ಷೆಯಲ್ಲಿ ಪಡೆದ ಅಂಕಕ್ಕಿಂತ ಹೆಚ್ಚಾಗಲಿ ಕಡಿಮೆಯಾಗಲಿ ಕಲಿಯತಕ್ಕದ್ದಲ್ಲ. ಈ ನಿಯಮ ಜಾರಿಗೆ ಬಂದ ಮೇಲೆ ಕಾಲೇಜಿನಲ್ಲಿ ಶಾಂತಿ ನೆಲೆಸಿದೆ. ಅದಕ್ಕೆ ಮುಂಚೆ ಸ್ವಲ್ಪ ಗೊಂದಲವಿತ್ತು.

ಗೊಂದಲ ಎಬ್ಬಿಸಿದ್ದು ಬಿ.ಎಸ್ಸಿ. ಅಂತಿಮ ವರ್ಷದ ಫಲಿತಾಂಶ. ಆಫೀಸ್ ಸೂಪರಿಂಟೆಂಡೆಂಟ್ ವಿಜಯಕುಮಾರ್ ಅದನ್ನು ಮೂರು ವರ್ಷದ ಹಿಂದಿನ ಪ್ರವೇಶ ಪರೀಕ್ಷೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ ಬೆವೆತರು. ಕಾಲೇಜಿನ ಅಧ್ಯಕ್ಷರ ಅಕ್ಕನ ಮಗ ಗಿರಿಗೆ ಪ್ರವೇಶ ಪರೀಕ್ಷೆಯಲ್ಲಿ ತೊಂಬತ್ನಾಲ್ಕು ಬಂದಿತ್ತು. ಪ್ರಶ್ನೆಪತ್ರಿಕೆ ಅಚ್ಚಾಗಿದ್ದು ಅಧ್ಯಕ್ಷರ ಮನೆಯಲ್ಲೇ ಆದ್ದರಿಂದ ಹುಡುಗನಿಗೆ ಓದಿಕೊಳ್ಳಲು ಅನುಕೂಲವಾಗಿತ್ತು. ಪದವಿಯಲ್ಲಿ ಅವನಿಗೆ ಬಂದದ್ದು ಹನ್ನೆರಡು. ಬಂಗಾರಪೇಟೆ ಪಕ್ಕದ ಹಳ್ಳಿಯ ನವ್ಯಳಿಗೆ ಪ್ರವೇಶ ಪರೀಕ್ಷೆಯಲ್ಲಿ ಬರೀ ಮೂವತ್ತೊಂದು. ಆವತ್ತು ಬೆಳಿಗ್ಗೆ ಮನೆಯ ಹಸು ಕರು ಹಾಕಲು ಒದ್ದಾಡುತ್ತಿತ್ತು. ಅವಳು ಪರೀಕ್ಷೆಗೆ ಬಂದು ಕೂತಾಗ ಉಳಿದಿದ್ದದ್ದು ಅರ್ಧ ಗಂಟೆ. ಪದವಿಯಲ್ಲಿ ಅವಳು ಎಂಬತ್ತೆಂಟು ತೆಗೆದು ಕಾಲೇಜಿಗೇ ಮೊದಲಿಗಳಾಗಿದ್ದಳು. ಎಂ.ಎಸ್ಸಿ. ಸೀಟಿಗೆ ಅರ್ಜಿ ಹಾಕಿದ್ದಳು. ಅಂಕಪಟ್ಟಿ ಕೈಗೆ ಬರುವುದೊಂದು ಬಾಕಿ.

"ಎರಡರಲ್ಲಿ ಒಂದು ಪರೀಕ್ಷೆ ಸುಳ್ಳು ಅಂತಾಯ್ತಲ್ರೀ," ಎಂದರು ಪ್ರಾಂಶುಪಾಲ ಮುನೀಂದ್ರ. "ಪ್ರವೇಶ ಪರೀಕ್ಷೆ ಸುಳ್ಳು ಅನ್ನೋ ಹಾಗಿಲ್ಲ. ಅದನ್ನ ನಡೆಸಿದ್ದು ಅಧ್ಯಕ್ಷರು."

ವಿಜಯಕುಮಾರ್ ಅವರ ತಂದೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬಿಲ್ಲೆ ಕಿಟಕಿಯ ಗುಮಾಸ್ತರಾಗಿದ್ದವರು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಡುವುದು, ಪಾಳಿ ಮುಗಿದಾಗ ಅದೇ ಬಿಲ್ಲೆ ವಾಪಸು ಪಡೆಯುವುದು, ಇಷ್ಟೇ ಅವರ ಕೆಲಸ. ಬಿಲ್ಲೆ ಬರಲಿಲ್ಲವೆಂದರೆ ಕೆಳಗೆ ಏನೋ ಅನಾಹುತವಾಗಿದೆ ಎಂದರ್ಥ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಮಗನ ತಲೆಯಲ್ಲಿ ಆ ಕಿಟಕಿ ಮುಚ್ಚಿರಲಿಲ್ಲ.

"ಮೂವತ್ತೊಂದನೇ ನಂಬರ್ ಇಳಿದ್ರೆ ಮೂವತ್ತೊಂದೇ ಮೇಲೆ ಬರಬೇಕು ಸಾರ್," ಎಂದರು ವಿಜಯಕುಮಾರ್. "ಎಂಬತ್ತೆಂಟು ಬಂದ್ರೆ ನಮ್ಮಪ್ಪ ಸೈರನ್ ಹೊಡಿಸ್ತಿದ್ರು."

ಪ್ರಾಂಶುಪಾಲರು ಎದ್ದು ಬಂದು ಅವರ ಕೈ ಕುಲುಕಿದರು. ಮಧ್ಯಾಹ್ನವೇ ಸುತ್ತೋಲೆ ಹೊರಟಿತು: "ಪ್ರವೇಶ ಪರೀಕ್ಷೆಯ ಅಂಕವು ವಿದ್ಯಾರ್ಥಿಯ ಬಿಲ್ಲೆಯಾಗಿದ್ದು, ಪದವಿ ಮುಗಿಸಿ ಹೊರಹೋಗುವಾಗ ಸದರಿ ಅಂಕವನ್ನೇ ಹಿಂದಿರುಗಿಸತಕ್ಕದ್ದು. ನಡುವೆ ಕಲಿತದ್ದೇನಾದರೂ ಇದ್ದಲ್ಲಿ ಅದನ್ನು ಅಪಘಾತವೆಂದು ಪರಿಗಣಿಸಲಾಗುವುದು."

ಗಿರಿ ತೊಂಬತ್ನಾಲ್ಕಕ್ಕೆ ಏರಿ ಚಿನ್ನದ ಪದಕ ಪಡೆದ. ನವ್ಯ ಮೂವತ್ತೊಂದಕ್ಕೆ ಇಳಿದಳು.

ಮರುದಿನ ನವ್ಯಳ ತಾಯಿ ಮುನಿರತ್ನಮ್ಮ ಮಗಳನ್ನು ಕರೆದುಕೊಂಡು, ಹಾಲಿನ ಕ್ಯಾನಿನ ಸಮೇತ ಆಫೀಸಿಗೆ ನುಗ್ಗಿದಳು. ಕಾಲೇಜಿನ ಕ್ಯಾಂಟೀನಿಗೆ ದಿನಾ ಹಾಲು ಹಾಕುವವಳು ಅವಳೇ.

"ಏನ್ ಸಾ ಇದು? ಡೈರೀಲಿ ಬೆಳಿಗ್ಗೆ ಆಲಿಗೆ ಒಂದು ಟೆಸ್ಟು, ಸಾಯಂಕಾಲದ ಆಲಿಗೆ ಇನ್ನೊಂದು ಟೆಸ್ಟು. ಬೆಳಿಗ್ಗೆ ತೆಳ್ಳಗಿತ್ತು ಅಂತ ಸಾಯಂಕಾಲದ ಗಟ್ಟಿ ಆಲ್ನ ಯಾರಾನಾ ಚೆಲ್ತಾರಾ?"

"ಅದು ಹಾಲು ಕಣಮ್ಮ, ಇದು ಶಿಕ್ಷಣ. ಇಲ್ಲಿ ಟೆಸ್ಟು ಒಂದೇ ಸಲ," ಎಂದರು ವಿಜಯಕುಮಾರ್.

"ಸರ್, ಪ್ರವೇಶ ಪರೀಕ್ಷೇನ ಈಗ್ಲೇ ಇನ್ನೊಂದ್ಸಲ ಬರೀತೀನಿ," ಎಂದಳು ನವ್ಯ. "ಸೀಟಿಗೆ ಅಂಕಪಟ್ಟಿ ಕೊಡೋಕೆ ಇನ್ನು ಹದಿನೈದೇ ದಿನ ಇರೋದು."

"ಒಳಗಿರೋರಿಗೆ ಪ್ರವೇಶ ಪರೀಕ್ಷೆ ಇಲ್ಲಮ್ಮ," ಎಂದರು ವಿಜಯಕುಮಾರ್. ಹುಡುಗಿಯ ಮುಖ ನೋಡಿ ಅವರ ಕರುಳು ಚುರುಕ್ ಎಂದಿತು. ಆದರೆ ಕರುಳಿಗೆ ಕಡತದಲ್ಲಿ ಕಾಲಂ ಇರಲಿಲ್ಲ.

ಮುನಿರತ್ನಮ್ಮ ಹಾಲಿನ ಕ್ಯಾನನ್ನು ಎತ್ತಿ ಮೇಜಿನ ಮೇಲಿಟ್ಟಳು. "ಒಂದೇ ಸಲಾನಾ? ಸರಿ. ಅಂಗಾದ್ರೆ ನನ್ ಆಲ್ಗೂ ಅಂಗೇ ಬರ್ಕೊಡಿ."

ನಿಯಮಕ್ಕೆ ಸಾರ್ವಜನಿಕರ ಬೆಂಬಲ ಸಿಕ್ಕಿತೆಂದು ಪ್ರಾಂಶುಪಾಲರು ಹಿಗ್ಗಿದರು. ಸೋಮವಾರ ಹಾಲು ಪರೀಕ್ಷಿಸಲಾಯಿತು. ಫ್ಯಾಟು ಐದು. ಅದನ್ನು ಬರೆದು, ಸೀಲು ಹೊಡೆದು, ಚೌಕಟ್ಟು ಹಾಕಿಸಿ ಕ್ಯಾಂಟೀನಿನ ಗೋಡೆಗೆ ತೂಗುಹಾಕಿದರು.

ಮಂಗಳವಾರ ಕ್ಯಾನಿಗೆ ಒಂದು ಚೊಂಬು ನೀರು ಬಿತ್ತು. ಗುರುವಾರದ ಹೊತ್ತಿಗೆ ಅರ್ಧಕ್ಕರ್ಧ. ಮುಂದಿನ ಸೋಮವಾರ ಲೋಟದ ತಳದಲ್ಲಿ ಕೊರೆದಿದ್ದ ಕಾಲೇಜಿನ ಹೆಸರನ್ನು ಕಾಫಿಯ ಮೇಲಿನಿಂದಲೇ ಓದಬಹುದಾಗಿತ್ತು. ಉಪನ್ಯಾಸಕರೆಲ್ಲ ಬಂದು ವಿಜಯಕುಮಾರ್ ಮೇಲೆ ಹರಿಹಾಯ್ದರು. ವಿಜಯಕುಮಾರ್ ಮುನಿರತ್ನಮ್ಮನನ್ನು ಕರೆಸಿದರು.

"ಅಮ್ಮಾ, ಹಾಲಲ್ಲಿ ಬರೀ ನೀರು."

"ಗೋಡೆ ನೋಡಿ ಸಾ. ಐದು ಫ್ಯಾಟು. ನಿಮ್ದೇ ಸೀಲು." ಆಮೇಲೆ ಅವಳ ದನಿ ಇಳಿಯಿತು. "ನನ್ ಮಗ್ಳ ಎಂಬತ್ತೆಂಟು ಕೊಟ್ಬುಡಿ. ನಾಳೆ ಬೆಳಿಗ್ಗೆ ಕೆನೆ ಕಟ್ಟೋ ಆಲು ತತ್ತೀನಿ."

ತುರ್ತು ಸಭೆ ಮೂರು ಗಂಟೆ ನಡೆಯಿತು. ವಿಜಯಕುಮಾರ್ ತಮ್ಮ ಸೇವಾವಧಿಯಲ್ಲಿ ಮೊದಲ ಬಾರಿಗೆ ಯಾರೂ ಕೇಳದೆ ಬಾಯಿಬಿಟ್ಟರು. "ಸಾರ್, ಆ ಹುಡುಗಿಗೆ ಅವಳದನ್ನ ಕೊಟ್ಬಿಡೋಣ."

"ಹಾಲನ್ನಾಗ್ಲಿ ಅವಳನ್ನಾಗ್ಲಿ ಇನ್ನೊಂದ್ಸಲ ಅಳೆದ್ರೆ ಎಲ್ಲರನ್ನೂ ಇನ್ನೊಂದ್ಸಲ ಅಳೀಬೇಕಾಗುತ್ತೆ," ಎಂದರು ಪ್ರಾಂಶುಪಾಲರು, ಮೂಲೆಯ ಕುರ್ಚಿಯ ಕಡೆ ನೋಡುತ್ತಾ. ಚಿನ್ನದ ಪದಕದ ಆಧಾರದ ಮೇಲೆ ಅದೇ ವಾರ ರಸಾಯನಶಾಸ್ತ್ರದ ಉಪನ್ಯಾಸಕನಾಗಿ ನೇಮಕಗೊಂಡಿದ್ದ ಗಿರಿ ಅಲ್ಲಿ ಕೂತಿದ್ದ. ತನಗಂತೂ ಕಾಫಿ ಗಟ್ಟಿಯಾಗಿಯೇ ಇದೆ ಎಂದು ಅವನು ತಜ್ಞನ ಅಭಿಪ್ರಾಯ ಕೊಟ್ಟ.

ಸಭೆ ಸರ್ವಾನುಮತದಿಂದ ನಿರ್ಣಯಿಸಿತು: "ಕಾಫಿ ಗಟ್ಟಿಯಾಗಿದೆ. ತೆಳ್ಳಗೆ ಕಾಣುವುದು ಕುಡಿಯುವವರ ವೈಯಕ್ತಿಕ ದೋಷ." ಕೊನೆಯ ಸಹಿ ವಿಜಯಕುಮಾರ್ ಅವರದು.

ಹದಿನೈದು ದಿನ ಕಳೆಯಿತು. ಎಂ.ಎಸ್ಸಿ. ಸೀಟು ಬೇರೆ ಯಾರಿಗೋ ಹೋಯಿತು. ಮೂವತ್ತೊಂದಕ್ಕೆ ಕಾಲೇಜಿನಲ್ಲಿದ್ದ ಹುದ್ದೆ ಒಂದೇ, ಪ್ರಯೋಗಾಲಯದ ಸಹಾಯಕಿಯದು. ನವ್ಯ ಈಗ ಅಲ್ಲಿ ಗಾಜಿನ ಕೊಳವೆ ತೊಳೆಯುತ್ತಾಳೆ, ಗಿರಿ ಮಾರನೆಯ ದಿನ ಮಾಡಬೇಕಾದ ಪಾಠವನ್ನು ಬರೆದುಕೊಡುತ್ತಾಳೆ. ಅವನು ಅದನ್ನು ತಪ್ಪಿಲ್ಲದೆ ಓದಲು ಪ್ರಯತ್ನಿಸುತ್ತಾನೆ.

ದಿನಾ ಹನ್ನೊಂದು ಗಂಟೆಗೆ ವಿಜಯಕುಮಾರ್ ಕ್ಯಾಂಟೀನಿಗೆ ಬಂದಾಗ ಮುನಿರತ್ನಮ್ಮ ಖಾಲಿ ಕ್ಯಾನು ಹಿಡಿದು ಅಲ್ಲೇ ನಿಂತಿರುತ್ತಾಳೆ. ಅವರು ಮೊದಲ ಗುಟುಕು ನುಂಗುವವರೆಗೂ ಕಾಯುತ್ತಾಳೆ.

"ಎಂಗೈತೆ ಸಾ ಆಲು?"

"ಗಟ್ಟಿಯಾಗಿದೆಯಮ್ಮ," ಎನ್ನುತ್ತಾರೆ ವಿಜಯಕುಮಾರ್, ಮತ್ತು ಅವಳು ನೋಡುತ್ತಿರುವಂತೆಯೇ ಲೋಟ ಖಾಲಿ ಮಾಡುತ್ತಾರೆ.