ಒಲೆಗೊಂದು ಉಪ್ಪಿನ ಚಿಪ್ಪು

ಕಂಪ್ಯೂಟರ್ ಪ್ರೋಗ್ರಾಮಿಂಗನ್ನು ಕಂಡುಹಿಡಿದವಳು ನಮ್ಮ ಸೋದರತ್ತೆ. ಕಂಡುಹಿಡಿದದ್ದು ಗುಂಡ್ಲುಪೇಟೆಯ ನಮ್ಮ ಅಡುಗೆಮನೆಯಲ್ಲಿ, ಐವತ್ತರ ದಶಕದಲ್ಲಿ, ಮನೆಗೆ ಕರೆಂಟು ಬರುವುದಕ್ಕೂ ಮೊದಲು! ನಂಬುವುದಿಲ್ಲವೇ? ನನ್ನ ವಿದ್ಯಾರ್ಥಿಗಳೂ ನಂಬುತ್ತಿರಲಿಲ್ಲ. ಗಣಿತ ಕಲಿಸಿಕೊಂಡು ಹಾಯಾಗಿದ್ದ ನನಗೆ ನಿವೃತ್ತಿಯ ಹೊಸ್ತಿಲಲ್ಲಿ ಕಾಲೇಜಿನವರು ಕಂಪ್ಯೂಟರ್ ತರಗತಿಯನ್ನು ಗಂಟುಹಾಕಿದರು. ಪ್ರೊಸೀಜರ್ ಎಂದರೇನು, ವೇರಿಯಬಲ್ಲಿನ ಸ್ಕೋಪ್ ಎಂದರೇನು ಎಂಬ ಅಧ್ಯಾಯ ತೆರೆದಾಗ ನನ್ನ ಕೈ ಬೆವರುತ್ತಿತ್ತು. ಎರಡು ಪುಟ ಓದುವಷ್ಟರಲ್ಲಿ ಬೆವರು ಆರಿತು. ಅದರಲ್ಲಿ ಇದ್ದದ್ದೆಲ್ಲ ನಮ್ಮತ್ತೆಯೇ.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಅಡುಗೆಮನೆ ಹಿಡಿದವಳು. ಅವಳಷ್ಟು ಹೆದರುವ ಹೆಂಗಸನ್ನು ನಾನು ಕಂಡಿಲ್ಲ. ಹಾಲು ಉಕ್ಕಿದರೆ ಹೆದರಿಕೆ, ಉಕ್ಕದಿದ್ದರೆ ಇನ್ನೂ ಹೆದರಿಕೆ. ಈ ಹೆದರಿಕೆಗೆ ಅವಳು ಕಂಡುಕೊಂಡ ಮದ್ದು ಗೋಡೆ. ಒಂದೊಂದು ಅಡುಗೆಗೂ ಒಂದು ಹೆಸರು, ಹೆಸರಿನ ಕೆಳಗೆ ಮಾಡಬೇಕಾದ್ದು ಸಾಲಾಗಿ, ಇದ್ದಿಲಿನಲ್ಲಿ ಬರೆದಿದ್ದಳು. ಬಸ್ಸಾರಿನ ನಾಲ್ಕನೇ ಸಾಲು "ಖಾರ ರುಬ್ಬು" ಎಂದಷ್ಟೇ ಇತ್ತು. ಖಾರ ರುಬ್ಬುವುದು ಹೇಗೆ ಎಂಬುದು ಕಿಟಕಿಯ ಪಕ್ಕ ಬೇರೆಯೇ ಬರೆದಿತ್ತು. ಯಾವ ಸಾರಿಗೇ ಆಗಲಿ, ಅಲ್ಲಿಗೆ ಹೋಗಿ ಅದನ್ನು ಮುಗಿಸಿ, ಬಿಟ್ಟ ಸಾಲಿಗೆ ವಾಪಸು ಬರಬೇಕು. ಒಂದು ಸಲ ಬರೆದಿಟ್ಟು, ಬೇಕಾದಾಗಲೆಲ್ಲ ಹೆಸರು ಹಿಡಿದು ಕರೆಯುವುದಕ್ಕೇ ಪ್ರೊಸೀಜರ್ ಎನ್ನುತ್ತಾರೆ ಮಕ್ಕಳೇ, ಎಂದು ನಲವತ್ತು ವರ್ಷದ ನಂತರ ನಾನು ಪಾಠ ಮಾಡಿದೆ.

ಕರೆಯುವಾಗ ಕೈಗೆ ಒಂದು ಸಂಖ್ಯೆಯನ್ನೂ ಕೊಡಬೇಕಿತ್ತು. "ಎಷ್ಟು ಜನ?" ಎಂದು ಕೇಳಿ ಉತ್ತರ ಸಿಗುವವರೆಗೆ ಅತ್ತೆ ಒಲೆ ಹಚ್ಚುತ್ತಿರಲಿಲ್ಲ. ಒಮ್ಮೆ ಅಪ್ಪ "ನಾಕು" ಎಂದರು. ಅನ್ನ ಬೆಂದ ಮೇಲೆ ಶಾನುಭೋಗರು ಬಂದು ಜಗಲಿಯಲ್ಲಿ ಕೂತರು. ಇದ್ದುದರಲ್ಲೇ ಹಂಚಿದರೆ ಆಗುತ್ತಿರಲಿಲ್ಲವೇ? ಅತ್ತೆಯ ಹತ್ತಿರ ಅದೆಲ್ಲ ನಡೆಯದು.

"ಐದು ಅಂತ ಮೊದ್ಲೇ ಯೋಳ್ಬೇಕಿತ್ತು ಕಣಪ್ಪ" ಎಂದು ಎಲ್ಲ ಇಳಿಸಿಟ್ಟು, ಮೊದಲ ಸಾಲಿನಿಂದ ಮತ್ತೆ ಶುರುಮಾಡಿದಳು. ಶಾನುಭೋಗರಿಗೆ ಊಟ ಸಿಕ್ಕಿದ್ದು ಮಧ್ಯಾಹ್ನ ಮೂರೂವರೆಗೆ. ಆಮೇಲೆ ಅವರು ಬರುವ ಹಿಂದಿನ ದಿನವೇ "ನಾಳೆ ನಾನೂ ಒಬ್ಬ" ಎಂದು ಹೇಳಿಕಳಿಸತೊಡಗಿದರು.

ಇನ್ನು ಉಪ್ಪಿನ ವಿಚಾರ. ಎಲ್ಲರ ಮನೆಯಲ್ಲೂ ಒಂದು ಉಪ್ಪಿನ ಜಾಡಿ ಇರುತ್ತದೆ, ಹೋಗುವವರು ಬರುವವರು ಅದಕ್ಕೆ ಕೈ ಹಾಕುತ್ತಾರೆ. ನಮ್ಮಲ್ಲೂ ಒಂದಿತ್ತು, ಅಟ್ಟಣಿಗೆಯ ಮೇಲೆ. ಅತ್ತೆ ಮಾತ್ರ ಅಡುಗೆಗೆ ಮೊದಲು ಅದರಿಂದ ಅಳೆದು, ಒಲೆಗೊಂದರಂತೆ ತೆಂಗಿನ ಚಿಪ್ಪುಗಳಲ್ಲಿ ಉಪ್ಪು ಇಟ್ಟುಕೊಳ್ಳುತ್ತಿದ್ದಳು. ಸಾರಿನ ಚಿಪ್ಪು ಸಾರಿಗೆ, ಪಲ್ಯದ ಚಿಪ್ಪು ಪಲ್ಯಕ್ಕೆ. ಉಪ್ಪು ಹಾಕಿದ ಮೇಲೆ ಆ ಚಿಪ್ಪನ್ನು ಬೋರಲು ಹಾಕುವಳು. ಅಲ್ಲಿಗೆ ಅದರ ಕೆಲಸ ಮುಗಿಯಿತು.

"ಮಜ್ಗೆಗೆ ಒಂದು ಚಿಟಿಕೆ ಕಣಕ್ಕ" ಎಂದು ಅಮ್ಮ ಕೈ ಚಾಚಿದರೆ, "ಮಜ್ಗೆಗೆ ಮಜ್ಗೆ ಚಿಪ್ಪದೆ. ಸಾರಿಂದು ಸಾರಿಗೇಯ ಕಣವ್ವ" ಎಂದು ಚಿಪ್ಪನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವಳು.

ಪ್ರೋಗ್ರಾಮಿನಲ್ಲಿ ಲೆಕ್ಕದ ಬೆಲೆ ಇಟ್ಟುಕೊಳ್ಳುವ ಚಿಪ್ಪಿಗೆ ವೇರಿಯಬಲ್ ಎನ್ನುತ್ತಾರೆ. ತನ್ನ ಕೆಲಸ ನಡೆಯುವಷ್ಟು ಹೊತ್ತು ಬದುಕಿದ್ದು, ಹೊರಗಿನವರ ಕೈಗೆ ಸಿಗದೆ, ಕೆಲಸ ಮುಗಿದೊಡನೆ ಇಲ್ಲವಾಗುವುದು ಲೋಕಲ್ ವೇರಿಯಬಲ್. ಎಲ್ಲರ ಕೈಗೂ ಸಿಗುವ ಜಾಡಿ ಗ್ಲೋಬಲ್. ಯಾವುದು ಎಲ್ಲಿಯವರೆಗೆ ಕೈಗೆ ಸಿಗುತ್ತದೆ ಎಂಬುದೇ ಸ್ಕೋಪ್. ಎಲ್ಲರೂ ತಿದ್ದಬಹುದಾದ್ದರಲ್ಲಿ ಈಗ ಎಷ್ಟಿದೆ ಎಂದು ಯಾರೂ ಆಣೆ ಇಟ್ಟು ಹೇಳಲಾರರು. ನನ್ನ ತರಗತಿಯಲ್ಲಿ ಇದು ಅರ್ಥವಾಗದ ಮಗು ಒಂದೂ ಇರಲಿಲ್ಲ. ಅತ್ತೆ ಹಾಗೇಕೆ ಮಾಡುತ್ತಿದ್ದಳು ಎಂದು ಮಾತ್ರ ಒಂದು ಮಗುವೂ ಕೇಳಲಿಲ್ಲ.

ನನಗೆ ಹದಿನೆಂಟು ತುಂಬಿದಾಗ ಚಾಮರಾಜನಗರದಿಂದ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ನನ್ನನ್ನು ನೋಡಿ, ಹುಡುಗಿ ಒಪ್ಪಿಗೆ ಎಂದರು. ಮಾತು ಮುಗಿಸಿ ಊಟ ಮಾಡಿಕೊಂಡು ಹೋಗಲು ದಿನ ಗೊತ್ತಾಯಿತು. ಹಿಂದಿನ ವಾರ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತು, ನಿಜವಾದ ಅಕ್ಕರೆಯಿಂದಲೇ ಹೇಳಿದರು: "ಅಕ್ಕ, ಈ ಚಿಪ್ಪು, ಗೋಡೆ ಎಲ್ಲ ನೋಡುದ್ರೆ ನಿಂಗೆ ಸುಸ್ತಾಗ್ಬುಟ್ಟದೆ ಅನ್ಸುತ್ತೆ. ಆ ದಿನ ಏನಾರ ಎಚ್ಚುಕಮ್ಮಿ ಆದ್ರೆ ಅಡ್ಗೆಗೆ ಬ್ಯಾರೆಯೋರ್ನ ಇಡ್ತೀನಿ. ನೀ ಸುಮ್ನೆ ಕೂತ್ಕೊಂಡು ಉಣ್ಣು."

ಅಪ್ಪ ಅತ್ತ ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದಳು. "ಸುಮ್ನೆ ಕೂತು ಉಣ್ಣೋಳ್ನ ಯಾವ ಮನೇಲಿ ಎಷ್ಟು ದಿನ ಮಡೀಕತಾರೆ ಕಣಮ್ಮಿ?"

ಆ ವಾರ ಅವಳು ಗೋಡೆಯನ್ನು ಎಷ್ಟು ಸಲ ಓದಿದಳೋ. ಗೋಪಾಲಸ್ವಾಮಿ ಬೆಟ್ಟಕ್ಕೆ ನಡೆದೇ ಬರುತ್ತೇನೆ ಎಂದು ಹರಕೆ ಹೊತ್ತಳು. ಆತಂಕ ಅಂಟುಜಾಡ್ಯವಲ್ಲವೇ? ನನಗೂ ನಿದ್ದೆ ಹೋಯಿತು. ಮದುವೆಯ ಹುಡುಗಿ ಗಂಡಿನ ಬಗ್ಗೆ ಚಿಂತಿಸಬೇಕು. ನಾನು ಒಬ್ಬಟ್ಟಿನ ಸಾರಿನ ಬಗ್ಗೆ ಚಿಂತಿಸುತ್ತಿದ್ದೆ.

ಆ ದಿನ ಬಂತು. ಸಾರು ಕುದಿಯಿತು, ಅತ್ತೆ ಉಪ್ಪು ಹಾಕಿದಳು, ಚಿಪ್ಪು ಬೋರಲಾಯಿತು. ಅವಳು ಹಿತ್ತಿಲಿಗೆ ಬಾಳೆಲೆ ತೊಳೆಯಲು ಹೋದದ್ದೇ ತಪ್ಪಾಯಿತು. ಬೇಗೂರಿನಿಂದ ಬಂದಿದ್ದ ದೊಡ್ಡಮ್ಮ ಬೋರಲು ಬಿದ್ದ ಚಿಪ್ಪು ನೋಡಿ, "ಅಯ್ಯೋ, ಉಪ್ಪೇ ಮಡಗಿಲ್ವಲ್ಲ" ಎಂದು ಮರುಗಿ ಜಾಡಿಯಿಂದ ಒಂದು ಹಿಡಿ ಹಾಕಿದರು. ಹಿಂದೆಯೇ ಪಕ್ಕದ ಮನೆಯಾಕೆ ಬಂದು ಹಾಗೆಯೇ ಮರುಗಿ ಇನ್ನೊಂದು ಹಿಡಿ ಹಾಕಿದಳು. ಕೊನೆಗೆ, ಇಷ್ಟು ವರ್ಷ ಚಿಪ್ಪಿನ ಲೆಕ್ಕ ನೋಡಿದ್ದ ಅಮ್ಮನೂ ಗಡಿಬಿಡಿಯಲ್ಲಿ ಒಂದು ಹಿಡಿ ಹಾಕಿ, ಸಾರನ್ನು ಬಕೆಟ್ಟಿಗೆ ಸುರಿದುಕೊಂಡು ಬಡಿಸಲು ಹೊರಟಳು. ಮೂವರೂ ಮಾಡಿದ್ದು ಅತ್ತೆಯ ಮರ್ಯಾದೆ ಉಳಿಸಲಿಕ್ಕೆ.

ನಾನು ನೀರು ಕುಡಿಯಲು ಬಂದವಳು, ದೊಡ್ಡಮ್ಮನೂ ಪಕ್ಕದ ಮನೆಯಾಕೆಯೂ ಒಬ್ಬರಿಗೊಬ್ಬರು ತಮ್ಮ ಉಪಕಾರ ಹೇಳಿಕೊಳ್ಳುತ್ತಿದ್ದುದನ್ನು ಕೇಳಿದೆ. ಪಾತ್ರೆಯ ತಳದಲ್ಲಿ ಉಳಿದಿದ್ದ ಸಾರನ್ನು ಬೆರಳಲ್ಲಿ ನೆಕ್ಕಿದೆ. ಬಾಯಿ ಕಹಿಯಾಗುವಷ್ಟು ಉಪ್ಪು. ಅಷ್ಟರಲ್ಲಿ ಅತ್ತೆ ಒಳಗೆ ಬಂದಳು.

"ಅತ್ತೆ, ಬೇಗ ಒಂಚೂರು ರುಚಿ ನೋಡು" ಎಂದೆ.

ಅವಳು ಅಂಗೈ ಮೇಲೆ ಹಾಕಿಕೊಂಡು ನೆಕ್ಕಿದಳು. ನೆಕ್ಕಿ ನನ್ನ ಮುಖ ನೋಡಿದಳು. ಸಾರು ಹೇಗಿದೆ ಎಂಬುದನ್ನು ನನ್ನ ಮುಖದಲ್ಲಿ ಹುಡುಕುತ್ತಿದ್ದಳು.

"ಸರಿಯಾಗೇ ಅದಲ್ಲ" ಎಂದಳು.

ಅವಳ ನಾಲಿಗೆಗೆ ಏನೂ ತಿಳಿಯುತ್ತಿಲ್ಲ ಎಂದು ನನಗೆ ಆಗ ಗೊತ್ತಾಯಿತು. ನನಗೆ ಗೊತ್ತಾಯಿತು ಎಂದು ಅವಳಿಗೂ ಗೊತ್ತಾಯಿತು.

ಹೊರಗೆ ಗಂಡಿನ ತಂದೆ ನೀರಿನ ಲೋಟ ಎತ್ತಿದವರು ಇಳಿಸಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೆಮ್ಮಿದರು. ಅಪ್ಪನ ದನಿ ಬಂತು: "ಸಾರಿಗೆ ಉಪ್ಪು ಹಾಕ್ದೋರ್ಯಾರು?"

ಅತ್ತೆ ಗೋಡೆಗೆ ಒರಗಿ ನಿಂತಳು. ನಾನು ಬಾಗಿಲಿಗೆ ಬಂದು "ನಾನು" ಎಂದೆ.

ದೊಡ್ಡಮ್ಮ ಬಾಯಿ ತೆರೆದು, ತಮ್ಮ ಒಂದು ಹಿಡಿ ನೆನಪಾಗಿಯೋ ಏನೋ ಮುಚ್ಚಿಕೊಂಡರು. "ಹುಡ್ಗಿ ಕೈಗೆ ಅಳ್ತೆ ಇಲ್ಲ" ಎಂದು ಗಂಡಿನ ತಾಯಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಕಾಗದ ಬರೆಯುತ್ತೇವೆ ಎಂದು ಬಸ್ಸು ಹತ್ತಿದರು, ಬರೆಯಲಿಲ್ಲ. ಅಳತೆ ಇಲ್ಲದ ಹುಡುಗಿ ಎಂಬ ಸುದ್ದಿ ಹಬ್ಬಿ ಬೇರೆ ಸಂಬಂಧಗಳೂ ತಡವಾದವು. ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಅಪ್ಪ ನನ್ನನ್ನು ಮೈಸೂರಿಗೆ ಗಣಿತ ಓದಲು ಕಳಿಸಿದರು. ಅಡುಗೆಗೆ ಬೇರೆ ಯಾರೂ ಬರಲಿಲ್ಲ.

ಗಂಡಿನವರು ಹೋದ ಆ ಸಂಜೆ ಹಿತ್ತಿಲಲ್ಲಿ ಅತ್ತೆ ಪಾತ್ರೆ ಉಜ್ಜುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ಉಜ್ಜಿಟ್ಟದ್ದನ್ನು ತೊಳೆಯತೊಡಗಿದೆ.

"ಆ ದೊಡ್ಡ ಜ್ವರ ಬಂದಿತ್ತಲ್ಲ, ಅವತ್ತಿಂದ ಕಣಮ್ಮಿ" ಎಂದಳು ಕೊನೆಗೆ. "ನಾಕು ವರ್ಸ ಆಯ್ತು. ಯಾರ್ಗೂ ಯೋಳಿಲ್ಲ."

ನಾಲ್ಕು ವರ್ಷ ಅವಳು ಮಾಡಿದ್ದನ್ನು ನಾವು ಬಾಯಿ ಚಪ್ಪರಿಸಿ ತಿಂದಿದ್ದೆವು, ತಿಂದು ಅವಳ ಚಿಪ್ಪಿಗೆ ನಕ್ಕಿದ್ದೆವು. ನನಗೆ ನಾಚಿಕೆಯಾಯಿತು, ದುಃಖ ಒತ್ತಿ ಬಂತು. ಅವಳು ಕೈಯ ಬೂದಿ ತೊಳೆದುಕೊಂಡು ನನ್ನ ಕಣ್ಣು ಒರೆಸಿ, ಮಗುವಿನ ಹಾಗೆ ಕೇಳಿದಳು:

"ಉಪ್ಪು ಅಂದ್ರೆ ಎಂಗಿರುತ್ತೆ, ಒಂಚೂರು ಯೋಳಮ್ಮಿ. ನಂಗೆ ಮರ್ತೋಗ್ಬುಟ್ಟದೆ."