ಸೌದೆಗೆ ಹೊಲಿದ ಕೋಟು

“ಈ ಮಳೆಗಾಲದಲ್ಲಿ ಹಿತ್ತಲಿನ ಸೌದೆಗೆ ಒಂದೇ ಒಂದು ಹನಿ ತಾಗಿದ್ರೂ ನಾನು ಮತ್ತೆ ಕತ್ತರಿ ಹಿಡಿಯಲ್ಲ!”

ಹೀಗೆಂದು ಟೇಪ್ ಮಾಸ್ಟರು ಊಟದ ತಟ್ಟೆಯ ಮುಂದೆ ಘೋಷಿಸಿದರು. ಊರಿನ ಅರ್ಧ ಜನರ ಸೊಂಟದ ಅಳತೆ ಬಾಯಿಪಾಠವಾಗಿದ್ದ ದರ್ಜಿ ಅವರು. ಮಲಗಿದಾಗಲೂ ಕೊರಳಿನಿಂದ ಟೇಪು ಇಳಿಯುತ್ತಿರಲಿಲ್ಲವಾದ್ದರಿಂದ ಆ ಹೆಸರು ಬಿದ್ದಿತ್ತು. ಪಕ್ಕದಲ್ಲೇ ಕೂತು ಶರ್ಟೊಂದಕ್ಕೆ ಕಾಜಾ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಲಿಲ್ಲ.

“ಮೆಲ್ಲಗೆ ಹೇಳಿ. ಗಿರಾಕಿಗಳು ಕೇಳಿಸ್ಕೊಂಡ್ರೆ ಬಕೆಟ್‌ನಲ್ಲಿ ನೀರು ತಂದು ಸುರಿದುಬಿಟ್ಟಾರು.”

ಬೇರೆ ದಿನವಾಗಿದ್ದರೆ ಈ ಮಾತಿಗೆ ಇಬ್ಬರೂ ನಗುತ್ತಿದ್ದರು. ಆದರೆ ಮನೆಯಲ್ಲಿ ನಗು ನಿಂತುಹೋಗಿತ್ತು. ಆ ಸೌದೆ ಒಡೆದವರು ಮಾಸ್ಟರ ಮಾವ. ಬೇಸಿಗೆಯಿಡೀ ಕೊಡಲಿ ಬೀಸಿ, ಹಿತ್ತಲ ಗೋಡೆಯ ಪಕ್ಕ ಎದೆಯೆತ್ತರಕ್ಕೆ ಒಟ್ಟಿ, “ಸ್ವಲ್ಪ ಸುಧಾರಿಸ್ಕೋತೀನಿ” ಎಂದು ಒಳಗೆ ಹೋಗಿ ಮಲಗಿದವರು ಮತ್ತೆ ಏಳಲಿಲ್ಲ. ಅಂದಿನಿಂದ ಅತ್ತೆ, ಚಳಿ ಕಾಯಿಸಲು ನಡುಮನೆಯಲ್ಲಿಟ್ಟ ಕಬ್ಬಿಣದ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದರು. ಅವರ ಕಣ್ಣಿನಿಂದ ಒಂದು ತೊಟ್ಟು ನೀರು ಬಂದಿರಲಿಲ್ಲ. ಸಮಾಧಾನ ಹೇಳಲು ಬಂದವರೇ ಅತ್ತು, ಮೂಗು ಒರೆಸಿಕೊಂಡು ಎದ್ದುಹೋದರು. ಅತ್ತೆ ಮಾತ್ರ ಗೋಡೆ ನೋಡುತ್ತ ಕೂತೇ ಇದ್ದರು. ಬಾಯಿ ಬಿಟ್ಟು ಹೇಳಿದ್ದು ಇಷ್ಟೇ: “ಚಳಿ ಬಂದಾಗ ಅವ್ರ ಸೌದೇನೇ ಹಚ್ಚಿ. ಅದು ಮುಗಿಯೋ ತನಕ ಬೇರೆ ಸೌದೆ ಈ ಮನೆಗೆ ಬರೋದು ಬೇಡ.”

ಅತ್ತೆಯನ್ನು ಮಾತಾಡಿಸುವ ದಾರಿ ಕಾಣದೆ ಒದ್ದಾಡುತ್ತಿದ್ದ ಮಾಸ್ಟರಿಗೆ ಇದೊಂದು ಕೆಲಸ ಸಿಕ್ಕಿತು. ಹೆಣ್ಣು ಕೊಟ್ಟ ಮಾವ ಕೊನೆಗೆ ಮಾಡಿಟ್ಟುಹೋದ ಕೆಲಸ! ಅದನ್ನು ಕಾಪಾಡುವ ಭಾರ ಅಳಿಯನ ಹೆಗಲ ಮೇಲೆ!

ಮರುದಿನ ಬೆಳಗ್ಗೆಯೇ ಮಾಸ್ಟರು ಸೌದೆಯ ಅಳತೆ ತೆಗೆದುಕೊಂಡರು. ಉದ್ದ, ಅಗಲ, ಎತ್ತರ ಎಂದು ನಾವು ನೀವು ಅಳೆದಂತಲ್ಲ. ಎದೆ, ಸೊಂಟ, ಭುಜ! ಒಂದು ಮೂಲೆಯಲ್ಲಿ ಒಟ್ಟಿಲು ಕೊಂಚ ಉಬ್ಬಿತ್ತು. ಅಲ್ಲಿಗೆ ನೆರಿಗೆ ಕೊಡುವುದೆಂದು ತೀರ್ಮಾನವಾಯಿತು.

“ರೀ, ಅಪ್ಪ ಮೇಲೆ ಒಂದು ತಗಡು ಇಟ್ಟು, ನಾಕು ಕಲ್ಲು ಹೇರಿ ಸುಮ್ನಾಗ್ತಿದ್ರು,” ಎಂದಳು ಹೆಂಡತಿ.

“ತಗಡು ತಲೆ ಮುಚ್ಚತ್ತೆ, ಸರಿ. ಮೈಯೆಲ್ಲಾ ಬಯಲು ಬಿಟ್ಕೊಂಡು ನಿಂತಿದೆಯಲ್ಲ, ಅದಕ್ಕೇನು ಮಾಡ್ತೀಯ?”

“ಅದೇನು ಮದುವೆಗೆ ಹೋಗ್ಬೇಕಾ?”

“ನಿಮ್ಮಪ್ಪ ಒಡೆದ ಸೌದೆ ಕಣೇ ಅದು! ಒಂದು ಮರ್ಯಾದೆ ಬೇಡ್ವಾ?”

ಮರ್ಯಾದೆಯ ಮಾತು ಬಂದಮೇಲೆ ಅವಳು ಕಾಜಾ ಹೊಲಿಯಲು ಎದ್ದುಹೋದಳು. ತುಕ್ಕು ಹಿಡಿದ ತಗಡು ಮೂಲೆ ಸೇರಿತು. ಲಾರಿಗೆ ಹೊದಿಸುವ ದಪ್ಪ ಟಾರ್ಪಾಲು ಬಂತು. ಗಿರಾಕಿಗಳ ಬಟ್ಟೆಯೆಲ್ಲ ಗಂಟು ಕಟ್ಟಿಕೊಂಡು ಬೆಂಚಿನ ಕೆಳಗೆ ಸೇರಿತು. ಮಿಷಿನ್ನಿನ ಸೂಜಿಗಳು ಮುರಿದವು, ಮಾಸ್ಟರ ಬೆನ್ನೂ ಮುರಿಯಿತು. ಕೊನೆಗೆ ಸಿದ್ಧವಾಯಿತು ನೋಡಿ, ಸೌದೆಯ ಕೋಟು! ಎರಡೆರಡು ಹೊಲಿಗೆ, ಮುಂದುಗಡೆ ಮೇಲಿಂದ ಕೆಳತನಕ ಜಿಪ್ಪು, ಜಿಪ್ಪಿನ ಮೇಲೆ ಪಟ್ಟಿ, ಕೆಳಗೆ ನೆಲಕ್ಕೆ ಅಂಟಿಕೊಳ್ಳುವಂತೆ ಮಡಿಕೆ. ಒಂದು ಇರುವೆ ಒಳಗೆ ಹೋಗಬೇಕಾದರೂ ಮಾಸ್ಟರ ಅಪ್ಪಣೆ ಬೇಕು.

ಮಳೆ ಬಂತು. ದಿನ ಬಿಟ್ಟು ದಿನ ಅಲ್ಲ, ದಿನವೂ ಬಂತು. ಮಾಸ್ಟರು ಕಿಟಕಿಯಲ್ಲಿ ನಿಂತು, ಕೋಟಿನ ಭುಜದ ಮೇಲೆ ಬಿದ್ದ ನೀರು ಜಾರಿ ಹೋಗುವುದನ್ನು ಕಣ್ತುಂಬ ನೋಡುತ್ತಿದ್ದರು.

“ನೋಡಿ ಅತ್ತೆ, ಮಾವನವರ ಸೌದೆ ಹೇಗೆ ಬೆಚ್ಚಗಿದೆ!”

ಅತ್ತೆ ತಲೆಯಾಡಿಸಿದರು. ಹೆಂಡತಿ ಕೇಳಿದಳು: “ಒಳಗೆ ಗಾಳಿ ಆಡತ್ತಾ?”

“ಗಾಳಿ ಆಡೋಕೆ ಅದೇನು ಸೊಳ್ಳೆ ಪರದೇನಾ?”

ಮಳೆ ನಿಂತಿತು. ಹಿಂದೆಯೇ ಚಳಿ ಬಂತು. ಒಂದು ಬೆಳಗ್ಗೆ ಮಾಸ್ಟರು ಉದ್ಘಾಟನೆಗೆ ಹೊರಟವರ ಹಾಗೆ ತಲೆ ಬಾಚಿಕೊಂಡು ಹಿತ್ತಲಿಗೆ ಹೋಗಿ ಜಿಪ್ಪು ಎಳೆದರು.

ಮೊದಲು ಬಂದದ್ದು ವಾಸನೆ. ವರ್ಷಗಟ್ಟಲೆ ಬಾಗಿಲು ತೆಗೆಯದ ನೆಲಮಾಳಿಗೆಯ ವಾಸನೆ. ಆಮೇಲೆ ಒಂದು ಬಸವನಹುಳ ನಿಧಾನವಾಗಿ ಹೊರಗೆ ಬಂದು, ಬಾಗಿಲು ತೆಗೆದವರು ಯಾರೆಂದು ನೋಡಿತು. ಸೌದೆಯ ಮೈತುಂಬ ಬಿಳಿ ಬೂಷ್ಟು. ಮಾವ ಕೈಯಾರೆ ಜೋಡಿಸಿಟ್ಟ ಸಾಲುಗಳ ಸಂದಿಯಲ್ಲೆಲ್ಲ ಅಣಬೆಗಳು ಕೊಡೆ ಬಿಚ್ಚಿಕೊಂಡು ನಿಂತಿದ್ದವು. ಮಳೆಯೇ ತಾಗದ ಕಡೆ ಇವಕ್ಕೆ ಕೊಡೆ ಯಾಕೆ ಬೇಕಿತ್ತೋ!

ಮಾಸ್ಟರು ಆಡಿದ ಮಾತು ಉಳಿಸಿಕೊಂಡಿದ್ದರು. ಹೊರಗಿನ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಆದರೆ ಆ ವರ್ಷ ಒಡೆದ ಸೌದೆ ಇನ್ನೂ ಹಸಿ. ಅದರ ಮೈಯೊಳಗಿದ್ದ ನೀರು, ನೆಲದಿಂದ ಏರಿದ ತೇವ, ಒಂದಕ್ಕೂ ಹೊರಗೆ ಹೋಗಲು ಸಂದಿ ಸಿಕ್ಕಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿತ್ತು ಹೊಲಿಗೆ. ಮಾಸ್ಟರು ಅಲ್ಲೇ ಕುಕ್ಕರಿಸಿದರು. ಸತ್ತವರ ಕೈಕೆಲಸವನ್ನು ಹಾಳುಮಾಡಿದೆನಲ್ಲ ಎಂದು ನಿಜಕ್ಕೂ ಕಣ್ಣು ಕತ್ತಲಿಟ್ಟಿತು.

ಗಾಬರಿಯಾದ ದರ್ಜಿ ಏನು ಮಾಡುತ್ತಾನೆ? ಇಸ್ತ್ರಿ ಮಾಡುತ್ತಾನೆ! ಹೆಂಡತಿ ಮನೆಯ ಮುಂಭಾಗದ ಅಂಗಡಿಗೆ ಬಂದಾಗ ಮೇಜಿನ ಮೇಲೆ ಒಂದು ಸೌದೆ ಅಂಗಾತ ಮಲಗಿತ್ತು. ಮಾಸ್ಟರು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದರು. ಬುಸ್ಸೆಂದು ಆವಿ ಏಳುತ್ತಿತ್ತು.

“ಏನ್ರೀ ಇದು?”

“ಒಣಗಿಸ್ತಿದೀನಿ. ತಿರುಗಿಸು, ಆ ಕಡೆ ಇನ್ನೂ ಸುಕ್ಕಿದೆ.”

“ಅದು ಸುಕ್ಕಲ್ಲ, ತೊಗಟೆ! ಅಯ್ಯೋ, ಬ್ಯಾಂಕಿನವರ ಬಿಳಿ ಪ್ಯಾಂಟು!”

ಸೌದೆಗಳ ನಡುವೆ ಅದೇ ಇಸ್ತ್ರಿಯನ್ನು ಗಿರಾಕಿಯ ಪ್ಯಾಂಟಿಗೂ ಒತ್ತಿದ್ದರಿಂದ ಮರದ ಅಂಟು ಅದಕ್ಕೆ ದಾಟಿತ್ತು. ಎರಡು ಮೊಣಕಾಲಿನ ಮೇಲೂ ಕಂದು ಕಲೆ. ಹೆಂಡತಿ ಕಲೆ ನೋಡಿದಳು, ಸೌದೆ ನೋಡಿದಳು, ಗಂಡನ ಮುಖ ನೋಡಿದಳು. ಬಯ್ಯುವುದು ಬಿಟ್ಟು ಇಸ್ತ್ರಿಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು.

“ಎಲ್ಲಾ ಹೀಗೇ ಆಗಿದ್ಯಾ?”

“ಎಲ್ಲಾ.”

“ಅಮ್ಮನಿಗೆ ಏನ್ರೀ ಹೇಳೋದು?”

“ಒಣ ಸೌದೆ ತಂದು, ಇದೇ ಅಂದ್ಬಿಡೋಣ.”

“ಅಪ್ಪನ ಕೊಡಲಿ ಏಟು ಅಮ್ಮನಿಗೆ ಗೊತ್ತಾಗಲ್ವಾ? ಸುಳ್ಳು ಬೇರೆ ಹೊಲೀಬೇಡಿ!”

ಅಷ್ಟರಲ್ಲಿ ನಡುಮನೆಯಿಂದ ದನಿ ಬಂತು: “ಅಳಿಯಂದ್ರೇ, ಚಳಿ ಬಂತಲ್ಲ. ಹಚ್ಚಿ.”

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮಾಸ್ಟರು ಬೂಷ್ಟು ಕೆರೆದು, ಇದ್ದುದರಲ್ಲಿ ಒಣಗಿದ್ದನ್ನು ಆರಿಸಿ ತಂದು ಒಲೆಗೆ ತುಂಬಿದರು. ಹಳೆ ಪೇಪರು ತುರುಕಿದರು, ಬಟ್ಟೆ ಚೂರು ತುರುಕಿದರು, ನೆಲಕ್ಕೆ ಬಗ್ಗಿ ಊದಿದರು. ಸೌದೆ ಸುಯ್ಯೆಂದು ನೊರೆ ಕಾರಿತು. ಬೆಂಕಿಯ ಬದಲು ಹೊಗೆ ಎದ್ದಿತು. ಕೊಳವೆಯಲ್ಲಿ ಮೇಲೆ ಹೋಗಬೇಕಾದ ಹೊಗೆ, ನಡುಮನೆಯೇ ವಾಸಿ ಎಂದು ಒಲೆಯ ಬಾಯಿಂದಲೇ ಹೊರಟು, ಮೂಲೆ ಮೂಲೆಯನ್ನೂ ತುಂಬಿಕೊಂಡಿತು. ಹೆಂಡತಿ ಕೆಮ್ಮುತ್ತಾ ಕಿಟಕಿಗೆ ಓಡಿದಳು. ಮಾಸ್ಟರು ಬಾಗಿಲೆಂದುಕೊಂಡು ಬೀರುವಿಗೆ ಹಣೆ ಚಚ್ಚಿಕೊಂಡರು.

“ಅತ್ತೆ! ಹೊರಗೆ ಬನ್ನಿ ಅತ್ತೆ!”

ಅತ್ತೆ ಕುರ್ಚಿ ಬಿಟ್ಟು ಕದಲಲಿಲ್ಲ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಮೊದಲು ಹೊಗೆಗೆ ಬಂದ ನೀರು, ಆಮೇಲೆ ಬರೀ ಹೊಗೆಯದ್ದಾಗಿ ಉಳಿಯಲಿಲ್ಲ. ಭುಜ ಅಲುಗಿತು, ಬಿಕ್ಕು ಬಂತು, ತಡೆದಿಟ್ಟಿದ್ದೆಲ್ಲ ಒಮ್ಮೆಗೇ ಕಿತ್ತುಕೊಂಡು ಬಂತು. ಮಗಳು ಓಡಿಬಂದು ತಬ್ಬಿಕೊಂಡಳು. ಆ ಹೊಗೆಯಲ್ಲೇ ತಾಯಿ ಮಗಳು ಹೊಟ್ಟೆ ತುಂಬ ಅತ್ತರು. ಮಾಸ್ಟರು ಬೀರುವಿನ ಪಕ್ಕ ಹಣೆ ಹಿಡಿದುಕೊಂಡು ನಿಂತರು.

ಹೊಗೆ ತಿಳಿಯಾಯಿತು. ಮಾಸ್ಟರು ಕೈ ಜೋಡಿಸಿದರು.

“ತಪ್ಪಾಯ್ತು ಅತ್ತೆ. ಮಾವನವರ ಸೌದೆ ಹಾಳುಮಾಡ್ಬಿಟ್ಟೆ. ನಾಳೆ ಎಲ್ಲಾನೂ ಬಿಸಿಲಿಗೆ ಹರವ್ತೀನಿ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಎಷ್ಟೋ ತಿಂಗಳ ಮೇಲೆ ಅಳಿಯನ ಮುಖವನ್ನು ನೆಟ್ಟಗೆ ನೋಡಿದರು.

“ಹರವಿ. ಆದ್ರೆ ಇಂಥವು ಒಂದೆರಡು ಹಾಗೇ ಇಟ್ಟಿರಿ, ಅಳ್ಬೇಕು ಅನ್ಸಿದಾಗ ಬೇಕಾಗತ್ತೆ,” ಎಂದರು. “ಇಷ್ಟು ವರ್ಷ ಸಂಸಾರ ಮಾಡಿದ್ರೂ ಅವ್ರು ಒಂದು ದಿನ ನನ್ನ ಕಣ್ಣಲ್ಲಿ ನೀರು ತರಿಸಿದೋರಲ್ಲ. ಆ ಕೆಲಸ ನಿಮ್ಮಂಥ ಅಳಿಯಂದ್ರಿಂದ ಮಾತ್ರ ಆಗೋದು!”